ಅವಧಿಗೆ ಮುಂಚೆ ಮನೆ ಬಿಡಬೇಕಾದರೆ: ದಾವಣಗೆರೆಗೆ ಹೊಸದಾಗಿ ಬಂದವರಿಗೆ

ದಾವಣಗೆರೆಗೆ ಸಂಸಾರ ಸಮೇತ ಬಂದು ಮನೆ ಹಿಡಿದವರಲ್ಲಿ ಎಷ್ಟೋ ಜನ ಕರಾರು ಮುಗಿಯುವ ಮುಂಚೆಯೇ ಮನೆ ಬಿಡಬೇಕಾಗುತ್ತದೆ. ವರ್ಗಾವಣೆ ಆಗುತ್ತದೆ, ಕೆಲಸ ನಿಲ್ಲುತ್ತದೆ, ಊರಲ್ಲಿ ಅಪ್ಪ ಅಮ್ಮನಿಗೆ ಹುಷಾರು ತಪ್ಪುತ್ತದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆದರೆ ಅವಸರದಲ್ಲಿ ಬೀಗದ ಕೈ ಕೊಟ್ಟು ಹೋದವರ ಅಡ್ವಾನ್ಸ್ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಸಂಘದ ಕಡೆಯಿಂದ ಮೊದಲು ಹೇಳುವ ಮಾತು ಇದು: ಬೀಗದ ಕೈ ಕೊಡುವುದು, ಹಣ ತೆಗೆದುಕೊಳ್ಳುವುದು ಒಂದೇ ಹೊತ್ತಿಗೆ ಆಗಲಿ.

ಕರಾರು ಪತ್ರ ತೆಗೆದು ಓದಿ

ನಮ್ಮಲ್ಲಿ ಕರಾರು ಸಾಮಾನ್ಯವಾಗಿ 11 ತಿಂಗಳಿನದು. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಬೇಕು, ಅದನ್ನು ತಪ್ಪಿಸಲು ಈ ಲೆಕ್ಕ. ಅದರಲ್ಲಿ ಎಷ್ಟು ತಿಂಗಳು ಮುಂಚೆ ತಿಳಿಸಬೇಕು ಅಂತ ಬರೆದಿರುತ್ತದೆ. ಅಷ್ಟು ಪಾಲಿಸಿದರೆ ಸಾಕು. ಕರಾರೇ ಇಲ್ಲದೆ ತಿಂಗಳ ಬಾಡಿಗೆಗೆ ಇದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಸಾಕಾಗುತ್ತದೆ.

ರಾಜ್ಯದ 1999ರ ಬಾಡಿಗೆ ಕಾಯ್ದೆ ನಮ್ಮ ಬೆನ್ನಿಗಿದೆ ಅಂತ ಕೆಲವರು ನಂಬಿಕೊಂಡಿರುತ್ತಾರೆ. ಅದು ದೊಡ್ಡ ನಗರಗಳ ಪಟ್ಟಿಯಲ್ಲಿ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಬಾಡಿಗೆ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು ವಿದ್ಯಾನಗರದಲ್ಲಾಗಲಿ ನಿಟುವಳ್ಳಿಯಲ್ಲಾಗಲಿ ಅಷ್ಟಕ್ಕೆ ಸಂಸಾರದ ಮನೆ ಸಿಗುವುದು ಕಷ್ಟ, ಅಲ್ವಾ? ಹಾಗಾಗಿ ನಿಮ್ಮ ಕಾವಲು ನಿಮ್ಮ ಕರಾರು ಪತ್ರವೇ.

ಮಾಲೀಕರು "ಉಳಿದ ತಿಂಗಳ ಬಾಡಿಗೆ ಪೂರ್ತಿ ಇಟ್ಟು ಹೋಗಿ" ಅಂದರೆ ಹೆದರಬೇಡಿ. ಕರಾರಿನಲ್ಲಿ ದಂಡ ಬರೆದಿದ್ದರೂ 1872ರ ಕರಾರು ಕಾಯ್ದೆಯ 74ನೇ ಕಲಂ ನ್ಯಾಯವಾದಷ್ಟು ಪರಿಹಾರವನ್ನು ಮಾತ್ರ ಒಪ್ಪುತ್ತದೆ. ಮುಂದಿನ ತಿಂಗಳೇ ಬೇರೆ ಸಂಸಾರ ಬಂದರೆ ಮಾಲೀಕರಿಗೆ ಆದ ನಷ್ಟವಾದರೂ ಎಷ್ಟು? ಬೇರೆ ಬಾಡಿಗೆದಾರರನ್ನು ನೀವೇ ಹುಡುಕಿಕೊಟ್ಟರೆ ಜಗಳಕ್ಕೆ ಜಾಗವೇ ಇರುವುದಿಲ್ಲ.

ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಎರಡು ಸಾಲು ಬರೆದು ಕೊಡಿ: "ಯಜಮಾನ್ರೇ, ನನಗೆ ವರ್ಗಾವಣೆ ಆಗಿದೆ. ಈ ತಾರೀಖಿಗೆ ಮನೆ ಖಾಲಿ ಮಾಡುತ್ತೇನೆ. ಆ ದಿನ ಅಡ್ವಾನ್ಸ್ ವಾಪಸ್ ಕೊಡಬೇಕಾಗಿ ವಿನಂತಿ." ಅದನ್ನೇ ವಾಟ್ಸಾಪ್‌ನಲ್ಲೂ ಕಳಿಸಿ. ಸಂಬಂಧ ಹಳಸಿದ್ದರೆ ಸ್ಪೀಡ್ ಪೋಸ್ಟ್ ಮಾಡಿ.

ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಇದೆ. ಕರಾರಿನಲ್ಲಿ ಬರೆದಿದ್ದರೆ ಕೊಡಿ. ಬರೆದಿಲ್ಲದಿದ್ದರೆ ಯಾಕೆ ಅಂತ ಕೇಳಿ, ಯಾಕೆಂದರೆ ದಿನಬಳಕೆಯ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ.

ಭೋಗ್ಯಕ್ಕೆ ಹಿಡಿದವರು ಇದನ್ನು ಎರಡು ಸಲ ಓದಿ

ನಮಗೆ ಅತಿ ಚಿಂತೆ ಹುಟ್ಟಿಸುವುದು ಭೋಗ್ಯ. ಊರಿನ ಹೊಲದ ಮೇಲೆ, ಹೆಂಡತಿಯ ಒಡವೆ ಮೇಲೆ ಸಾಲ ತಂದು ಲಕ್ಷಗಟ್ಟಲೆ ಕೊಟ್ಟು, ಬಾಡಿಗೆ ಇಲ್ಲ ಅಂತ ನೆಮ್ಮದಿಯಾಗಿ ಇರುತ್ತಾರೆ. ಮಧ್ಯದಲ್ಲಿ ಬಿಡುತ್ತೇನೆ ಅಂದಾಗ ಗೊತ್ತಾಗುತ್ತದೆ, ಆ ಹಣ ಮಾಲೀಕರ ಹತ್ತಿರ ಇಲ್ಲ. ಅದು ಮಗಳ ಮದುವೆಗೋ ಹಳೇ ಸಾಲಕ್ಕೋ ಹೋಗಿರುತ್ತದೆ. "ಬೇರೆ ಯಾರಾದರೂ ಭೋಗ್ಯಕ್ಕೆ ಬರಲಿ, ಅವರ ಹಣ ನಿಮಗೆ ಕೊಡ್ತೀನಿ" ಅನ್ನುತ್ತಾರೆ. ಸುಳ್ಳು ಹೇಳುತ್ತಾರೆ ಅಂತಲ್ಲ, ಹೆಚ್ಚಿನವರಿಗೆ ನಿಜವಾಗಿ ಬೇರೆ ದಾರಿ ಇರುವುದಿಲ್ಲ.

ಅದಕ್ಕೆ ಹಣ ಕೊಡುವ ಮುಂಚೆಯೇ ಬಿಡುವ ದಿನದ ಮಾತು ಮುಗಿಸಿ. ಅವಧಿಗೆ ಮುಂಚೆ ಬಿಟ್ಟರೆ ಎಷ್ಟು ತಿಂಗಳಲ್ಲಿ ಹಣ ವಾಪಸ್, ತಡವಾದರೆ ಬಡ್ಡಿ ಎಷ್ಟು ಅನ್ನುವುದು ಪತ್ರದಲ್ಲಿ ಇರಲಿ. ಅವಧಿ ಎರಡು ಮೂರು ವರ್ಷದ್ದಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಖರ್ಚು ಆಗುತ್ತದೆ, ಆಗಲಿ. ನೋಂದಣಿ ಇಲ್ಲದ ಪತ್ರದ ಷರತ್ತುಗಳನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಬಲು ಕಷ್ಟ. ಹಣ ಬ್ಯಾಂಕ್ ಮೂಲಕವೇ ಹೋಗಲಿ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯಲು ಆದಾಯ ತೆರಿಗೆ ಕಾನೂನೂ ಬಿಡುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮನೆಯ ಇಸಿ (ಋಣಭಾರ ಪತ್ರ) ತೆಗೆದು ಬ್ಯಾಂಕ್ ಸಾಲ ಇದೆಯಾ ನೋಡಿ. ಸಾಲ ಕಟ್ಟದೆ ಮನೆ ಹರಾಜಿಗೆ ಬಂದರೆ ಒಳಗಿರುವ ನೀವು ಬೀದಿಗೆ ಬರುತ್ತೀರಿ.

ಮನೆ ಬಿಡುವಾಗ ಅರ್ಧ ಹಣ ಈಗ, ಅರ್ಧ ಆಮೇಲೆ ಅಂದರೆ ಒಂದು ಕೋಣೆಯಲ್ಲಿ ಸಾಮಾನು ಇಟ್ಟು ನಿಮ್ಮ ಬೀಗ ಹಾಕಿ. ಉಳಿದ ಹಣ ಖಾತೆಗೆ ಬಂದ ಮೇಲೆ ತೆಗೆಯಿರಿ. ಇದು ಒರಟಾಗಿ ಕಾಣಬಹುದು, ಆದರೆ ನಿಮ್ಮ ಹಣಕ್ಕೆ ಬೇರೆ ಆಧಾರ ಇಲ್ಲ. ಹೀಗೆ ಮಾಡುವುದಾಗಿ ಮಾಲೀಕರ ಸಹಿ ಇರುವ ಚೀಟಿ ಇಟ್ಟುಕೊಳ್ಳಿ.

ಸರ್ಕಾರದ ಸಹಾಯಧನದ ಮನೆ

ಕಡಿಮೆಗೆ ಸಿಗುತ್ತದೆ ಅಂತ ಹೊಸಬರು ಆಶ್ರಯ ಮನೆ, ಕೊಳೆಗೇರಿ ಮಂಡಳಿಯ ಮನೆಗಳನ್ನು ಬಾಡಿಗೆಗೆ ಹಿಡಿಯುವುದುಂಟು. ಆ ಮನೆ ಮಂಜೂರಾಗಿರುವುದು ಫಲಾನುಭವಿಯ ಕುಟುಂಬ ವಾಸ ಮಾಡಲಿ ಅಂತ. ಬೇರೆಯವರಿಗೆ ಕೊಟ್ಟರೆ ಮಂಜೂರಾತಿ ರದ್ದಾಗಬಹುದು, ಆಗ ನೀವೂ ಹೊರಗೆ. ಅಂಥ ಮನೆಗೆ ದೊಡ್ಡ ಅಡ್ವಾನ್ಸ್ ಖಂಡಿತ ಕೊಡಬೇಡಿ. ಈಗಾಗಲೇ ಇದ್ದೀರಾದರೆ ಅಡ್ವಾನ್ಸನ್ನು ಬಾಡಿಗೆಯಲ್ಲಿ ಮುರಿಸಿಕೊಳ್ಳುತ್ತಾ ಬೇಗ ಬೇರೆ ಮನೆ ನೋಡಿ. ಒಳಗಿರುವ ಬಡ ಸಂಸಾರವನ್ನು ನಾವು ದೂರುತ್ತಿಲ್ಲ, ನಿಮ್ಮ ಹಣ ಮುಳುಗಬಾರದು ಅಷ್ಟೇ.

ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಇರುವವರಿಗೆ ಅಡ್ವಾನ್ಸ್ ತೊಂದರೆ ಇಲ್ಲ. ಖಾಲಿ ಮಾಡಿದ ದಿನಾಂಕವನ್ನು ಬರವಣಿಗೆಯಲ್ಲಿ ಪಡೆಯಿರಿ, ಹೊಸ ಜಾಗದಲ್ಲಿ ಮನೆ ಬಾಡಿಗೆ ಭತ್ಯೆಗೆ ಅದು ಬೇಕಾಗುತ್ತದೆ.

ಗೃಹಜ್ಯೋತಿ ಮರೆಯಬೇಡಿ

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಗೆ ಹಳೇ ಮನೆಯ ಆರ್.ಆರ್. ನಂಬರಿಗೆ (ಕರೆಂಟ್ ಬಿಲ್‌ನಲ್ಲಿರುವ ಸಂಪರ್ಕ ಸಂಖ್ಯೆ) ನಿಮ್ಮ ಆಧಾರ್ ಜೋಡಣೆ ಆಗಿದ್ದರೆ ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿ, ಆಮೇಲೆ ಹೊಸ ಮನೆಗೆ ಅರ್ಜಿ ಹಾಕಿ. ಬಿಡುವ ದಿನ ಬೆಸ್ಕಾಂ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಪಾಲಿಕೆಯ ನೀರಿನ ಬಿಲ್ ಕಟ್ಟಿದ ರಸೀದಿಯೂ ಇರಲಿ.

ಇಷ್ಟಾದರೂ ಹಣ ಬಾರದಿದ್ದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100. ಅಕ್ಕಾ, ಕರಾರು ನಿಮ್ಮ ಹೆಸರಲ್ಲಿದ್ದರೆ ಅರ್ಜಿಯನ್ನು ನೀವೇ ಹಾಕಿ. ಹೋಗುವಾಗ ಕರಾರು, ಬ್ಯಾಂಕ್ ಪಾಸ್‌ಬುಕ್, ಕಳಿಸಿದ ನೋಟಿಸ್ ಮೂರೂ ಕೈಯಲ್ಲಿರಲಿ. ಜೊತೆಗೆ ಬರುವವರಿಲ್ಲ ಅಂದರೆ ಸಂಘದಲ್ಲಿ ಕೇಳಿ, ಒಬ್ಬರು ಬರುತ್ತಾರೆ.