ಡಿಕ್ಲೈನ್ ಆದ ಕಾರ್ಡು, ಹೊರಗೆ ನಿಂತ ದುಬಾರಿ ಕಾರು: ಬಿಲ್ಲಿಂಗ್ ಕೌಂಟರಿನಲ್ಲಿ ನನ್ನ ಅನುಭವ

ಬೆಂಗಳೂರಿನ ಒಂದು ವರ್ಕ್‌ಶಾಪ್‌ನಲ್ಲಿ ಬಿಲ್ಲಿಂಗ್ ಮತ್ತು ವಸೂಲಿ ನನ್ನ ಕೆಲಸ. ಬರುವ ಗಾಡಿಗಳೆಲ್ಲ ಬಿಎಂಡಬ್ಲ್ಯು, ಬೆಂಜ್, ಆಡಿ, ವೋಲ್ವೊ. ವಾರಂಟಿ ಮುಗಿದ ಮೇಲೆ ಶೋರೂಮ್ ಬಿಟ್ಟು ನಮ್ಮ ಕಡೆ ಬರುವವರೇ ಜಾಸ್ತಿ. ಬಿಲ್ ಸಾಮಾನ್ಯವಾಗಿ ಲಕ್ಷದ ಆಸುಪಾಸಿನಲ್ಲಿ ಇರುತ್ತದೆ, ಹಾಗಾಗಿ ಸ್ವೈಪ್ ಮಷಿನ್ ಕಾರ್ಡನ್ನು ಒಪ್ಪದೆ ಡಿಕ್ಲೈನ್ ಮಾಡುವುದನ್ನು ಮೇಲಿಂದ ಮೇಲೆ ನೋಡುತ್ತೇನೆ.

ಕಾರ್ಡ್ ಡಿಕ್ಲೈನ್ ಆದ ತಕ್ಷಣ ಪಕ್ಕದಲ್ಲಿ ನಿಂತವರು ಒಮ್ಮೆ ತಿರುಗಿ ನೋಡುತ್ತಾರೆ. ಇಷ್ಟು ದೊಡ್ಡ ಕಾರು ಇಟ್ಕೊಂಡು ರಿಪೇರಿಗೆ ದುಡ್ಡಿಲ್ವಾ ಅನ್ನೋ ನೋಟ ಅದು. ನಮ್ಮ ಹುಡುಗರೂ ಊಟದ ಹೊತ್ತಿಗೆ ಅದನ್ನೇ ಮಾತಾಡಿಕೊಳ್ಳುತ್ತಾರೆ. ಈ ಕೌಂಟರಿನಲ್ಲಿ ಕೂತು ನನಗೆ ಅರ್ಥವಾಗಿರುವುದು ಬೇರೆ. ಒಬ್ಬರಿಗೆ ಆ ಕಾರು ಸಾಕೋ ಶಕ್ತಿ ಇದೆಯೋ ಇಲ್ಲವೋ ಅನ್ನೋದು ಸ್ವೈಪ್ ಮಷಿನ್‌ನಲ್ಲಿ ಗೊತ್ತಾಗುವುದಿಲ್ಲ. ಅದಕ್ಕೂ ಎರಡು ದಿನ ಮೊದಲು, ಎಸ್ಟಿಮೇಟ್ ಕಳಿಸಿದಾಗ ಗೊತ್ತಾಗುತ್ತದೆ.

ಮೊದಲು ಮಷಿನ್ ವಿಷಯ ಹೇಳಿಬಿಡುತ್ತೇನೆ. ವಹಿವಾಟು ಫೇಲ್ ಆದಾಗ ಎಷ್ಟೋ ಮಷಿನ್‌ಗಳಲ್ಲಿ ಎರಡಂಕಿಯ ಒಂದು ಕೋಡ್ ಬರುತ್ತದೆ. 51 ಬಂದರೆ ಹಣ ಅಥವಾ ಲಿಮಿಟ್ ಸಾಲದು. 54 ಅಂದರೆ ಕಾರ್ಡಿನ ಅವಧಿ ಮುಗಿದಿದೆ. 55 ಅಂದರೆ ಪಿನ್ ತಪ್ಪು. 61 ಅಂದರೆ ಮೊತ್ತದ ಮಿತಿ ದಾಟಿದೆ. 91 ಬಂದರೆ ಬ್ಯಾಂಕಿನ ಸಿಸ್ಟಮ್ಮೇ ಸಿಗುತ್ತಿಲ್ಲ, ಗಿರಾಕಿಗೂ ಅದಕ್ಕೂ ಸಂಬಂಧವಿಲ್ಲ. 05 ಬಂದರೆ ಬ್ಯಾಂಕ್ ಬೇಡ ಅಂದಿದೆ, ಕಾರಣ ಹೇಳಿಲ್ಲ. ತಿಂಗಳಿಡೀ ಮೂರು ಸಾವಿರ, ಐದು ಸಾವಿರ ಖರ್ಚಾಗುವ ಕಾರ್ಡಿನಲ್ಲಿ ಇದ್ದಕ್ಕಿದ್ದಂತೆ ಹೊಸ ಜಾಗದಲ್ಲಿ 1,80,000 ಎಳೆದರೆ ಬ್ಯಾಂಕಿಗೆ ಅನುಮಾನ ಬರುವುದು ಸಹಜ ಅಲ್ವಾ? ಅದು ಮೋಸ ತಡೆಯೋಕೆ ಇಟ್ಟ ಕಾವಲು.

ಇನ್ನೊಂದು ಕಾರಣ ಜನರಿಗೆ ಹೊಳೆಯುವುದೇ ಇಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಅಂಗಡಿ ಖರ್ಚಿಗೆ (ಪಿಒಎಸ್) ಬೇರೆ, ಆನ್‌ಲೈನ್‌ಗೆ ಬೇರೆ, ವಿದೇಶಕ್ಕೆ ಬೇರೆ ಮಿತಿ ಇಡಬಹುದು. ಈ ಸೌಲಭ್ಯ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ 2020ರಲ್ಲಿ ನಿಯಮ ಮಾಡಿತು. ಯಾವತ್ತೋ ಒಂದು ದಿನ ಭದ್ರತೆಗೆ ಅಂತ ಅಂಗಡಿ ಖರ್ಚಿನ ಮಿತಿಯನ್ನು 50,000ಕ್ಕೆ ಇಳಿಸಿರುತ್ತಾರೆ, ಆಮೇಲೆ ಮರೆತಿರುತ್ತಾರೆ. ಕಾರ್ಡಿನ ಲಿಮಿಟ್ ಎಂಟು ಲಕ್ಷ ಇದ್ದರೂ ನಮ್ಮ ಬಿಲ್ ದಾಟುವುದಿಲ್ಲ. ಹಾಗಾಗಿ ನಾನು ಮೊದಲು ಕೇಳುವುದೇ, "ಸರ್, ಆ್ಯಪ್‌ನಲ್ಲಿ ಪಿಒಎಸ್ ಲಿಮಿಟ್ ಒಮ್ಮೆ ನೋಡ್ತೀರಾ?" ಎಷ್ಟೋ ಸಲ ಅಲ್ಲಿಗೇ ವಿಷಯ ಮುಗಿಯುತ್ತದೆ.

ಚಿಕ್ಕಮಗಳೂರು ಕಡೆಯ ಒಬ್ಬ ಕಾಫಿ ಬೆಳೆಗಾರರು ನಮ್ಮಲ್ಲಿಗೆ ಬರುತ್ತಾರೆ. ದೊಡ್ಡ ಎಸ್‌ಯುವಿ, ಘಾಟಿ ರಸ್ತೆಯಲ್ಲಿ ಓಡಾಡಿದ್ದು. ಒಮ್ಮೆ ಏರ್ ಸಸ್ಪೆನ್ಷನ್ ಕೆಲಸಕ್ಕೆ ಎರಡು ಲಕ್ಷಕ್ಕೂ ಮೇಲೆ ಬಿಲ್ ಆಯಿತು. ಕಾರ್ಡ್ ಕೊಟ್ಟರು, 51 ಬಂತು. ಹಿಂದೆ ನಿಂತಿದ್ದವರು ಗಂಟಲು ಸರಿಮಾಡಿಕೊಂಡರು. ಇವರು ಮಾತ್ರ ಆರಾಮಾಗಿ, "ಅದು ಪೆಟ್ರೋಲ್ ಹಾಕಿಸೋಕೆ ಇಟ್ಟ ಕಾರ್ಡು ಮಾರಾಯ್ರೆ, ಅಕೌಂಟ್ ನಂಬರ್ ಕೊಡಿ" ಅಂದರು. ಅಲ್ಲೇ ಕೂತು ಫೋನಿನಲ್ಲೇ ಆರ್‌ಟಿಜಿಎಸ್ ಮಾಡಿ ಪೂರ್ತಿ ಹಣ ನಮ್ಮ ಖಾತೆಗೆ ಹಾಕಿದರು. ಕೊಯ್ಲು ಮುಗಿದು ಬೀಜ ಮಾರಿದ ಮೇಲೆ ದುಡ್ಡು ಬರುವ ಮನೆ ಅದು. ತಿಂಗಳ ಸಂಬಳದ ಚೀಟಿ ಇಲ್ಲ, ಹಾಗಾಗಿ ಬ್ಯಾಂಕು ಕೊಟ್ಟ ಲಿಮಿಟ್ಟೂ ಸಣ್ಣದು. ಆದರೆ ಆ ಕಾರಿನ ಮೇಲೆ ಸಾಲ ಇಲ್ಲ. ಟೈರ್ ಸವೆದರೆ ನಾವು ಹೇಳುವ ಮೊದಲೇ ಅವರೇ ಹೇಳುತ್ತಾರೆ.

ಇದಕ್ಕೆ ಉಲ್ಟಾ ಇನ್ನೊಬ್ಬರಿದ್ದಾರೆ. ಐಟಿ ಕಂಪನಿಯಲ್ಲಿ ಒಳ್ಳೆಯ ಕೆಲಸ, ಕೈಯಲ್ಲಿ ನಾಲ್ಕಾರು ಕಾರ್ಡು, ಒಂದೂ ಯಾವತ್ತೂ ಡಿಕ್ಲೈನ್ ಆಗಿಲ್ಲ. ಗಾಡಿ ರೆಡಿ ಇದೆ ಅಂತ ಫೋನ್ ಮಾಡಿದರೆ, "ಎರಡು ದಿನ ಇಟ್ಕೊಳ್ಳಿ, ನನ್ನ ಸ್ಟೇಟ್‌ಮೆಂಟ್ ಡೇಟ್ ಆಗ್ಲಿ" ಅನ್ನುತ್ತಾರೆ. ಸ್ಟೇಟ್‌ಮೆಂಟ್, ಅಂದರೆ ಕಾರ್ಡಿನ ತಿಂಗಳ ಬಿಲ್, ಆದ ಮರುದಿನ ಸ್ವೈಪ್ ಮಾಡಿದರೆ ಕಟ್ಟೋಕೆ ಒಂದೂವರೆ ತಿಂಗಳಿಗಿಂತ ಜಾಸ್ತಿ ಸಮಯ ಸಿಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ಜಾಣತನವೇ. ಆದರೆ ಒಂದು ಸಲ ಮಾತಿಗೆ ಕೂತಾಗ ತಾನು ಕಟ್ಟುವುದು ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ ಮಾತ್ರ ಅಂದರು. ನನಗೆ ನಿಜವಾಗಿಯೂ ಬೇಜಾರಾಯಿತು. ಕ್ಯಾಲ್ಕುಲೇಟರ್ ತೆಗೆದು ತೋರಿಸಿದೆ. ಎರಡು ಲಕ್ಷ ಬಾಕಿ ಉಳಿದರೆ, ತಿಂಗಳಿಗೆ 3.5% ಬಡ್ಡಿಯಂತೆ 7,000 ರೂಪಾಯಿ. ಬಡ್ಡಿಯ ಮೇಲೆ 18% ಜಿಎಸ್‌ಟಿ, 1,260. ಮಿನಿಮಮ್ ಡ್ಯೂ ಅಂತ 10,000 ಕಟ್ಟಿದರೆ ಅಸಲಿಗೆ ಹೋಗುವುದು 1,740 ಮಾತ್ರ. ಅದೂ ಅಲ್ಲದೆ ಹಳೇ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರ್ಚಿಗೂ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ತರಕಾರಿ ಕೊಂಡರೂ ಅವತ್ತಿನಿಂದಲೇ ಬಡ್ಡಿ.

ಇಬ್ಬರಲ್ಲಿ ಕಾರು ಯಾರ ಕೈಗೆ ಎಟುಕುತ್ತದೆ? ಮಷಿನ್ನನ್ನು ಕೇಳಿದರೆ ಎರಡನೆಯವರ ಕೈಗೆ ಅನ್ನುತ್ತದೆ.

ಈಗ ಎಸ್ಟಿಮೇಟ್ ವಿಷಯಕ್ಕೆ ಬರುತ್ತೇನೆ, ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದೇ. ಗಾಡಿ ಲಿಫ್ಟ್ ಮೇಲೆ ಹತ್ತಿದ ಮೇಲೆ ಟೆಕ್ನಿಷಿಯನ್ ಪಟ್ಟಿ ಕೊಡುತ್ತಾನೆ: ಬ್ರೇಕ್ ಪ್ಯಾಡ್, ಹಿಂದಿನ ಎರಡು ಟೈರ್, ಆಯಿಲ್ ಲೀಕ್, ಕಂಟ್ರೋಲ್ ಆರ್ಮ್ ಬುಷ್. ಅಡ್ವೈಸರ್ ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾನೆ. ಗಿರಾಕಿಯ ಉತ್ತರ ಬರುತ್ತದೆ. ಕೆಲವರು ಒಂದೊಂದು ಸಾಲಿನ ಬಗ್ಗೆಯೂ ಪ್ರಶ್ನೆ ಕೇಳಿ, ಚೌಕಾಸಿ ಮಾಡಿ, ಕೊನೆಗೆ ಮಾಡಿ ಅನ್ನುತ್ತಾರೆ. ಇವರ ಬಗ್ಗೆ ನನಗೆ ಚಿಂತೆ ಇಲ್ಲ. ಕೆಲವರು ಮೊತ್ತ ಮಾತ್ರ ನೋಡಿ, "ಆಯಿಲ್ ಚೇಂಜ್ ಮಾಡಿ ಕೊಡಿ, ಮಿಕ್ಕಿದ್ದು ಮುಂದಿನ ತಿಂಗಳು" ಅನ್ನುತ್ತಾರೆ. ಮುಂದಿನ ಸರ್ವೀಸಿಗೆ ಬಂದಾಗಲೂ ಅದೇ ಮಾತು. ಆ ಹೊತ್ತಿಗೆ ಪ್ಯಾಡ್ ಸವೆದು ಕಬ್ಬಿಣ ಡಿಸ್ಕಿಗೆ ತಾಗಿರುತ್ತದೆ. ಮೊದಲು ಪ್ಯಾಡ್ ಮಾತ್ರ ಸಾಕಿತ್ತು, ಈಗ ಡಿಸ್ಕೂ ಬೇಕು.

ರನ್-ಫ್ಲಾಟ್ ಟೈರ್ (ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವಂಥದ್ದು) ಬಂದ ಗಾಡಿಗೆ ಸುಮ್ನೆ ಸಿಕ್ಕಿದ ಸಾದಾ ಟೈರ್ ಒಂದೇ ಒಂದು ಹಾಕಿಸಿಕೊಂಡು ಬಂದದ್ದನ್ನೂ ನೋಡಿದ್ದೇನೆ. ಆ ಗಾಡಿಗಳಲ್ಲಿ ಹೆಚ್ಚಾಗಿ ಸ್ಟೆಪ್ನಿ ಇರುವುದಿಲ್ಲ. ಹೆದ್ದಾರಿಯಲ್ಲಿ ಆ ಟೈರ್ ಪಂಕ್ಚರ್ ಆದರೆ ನಿಲ್ಲುವುದೊಂದೇ ದಾರಿ. ಕಾರಿನೊಳಗೆ ಮಕ್ಕಳಿರುತ್ತಾರೆ. ಕಾರ್ಡ್ ಡಿಕ್ಲೈನ್ ಆದರೆ ಹೋಗುವುದು ಐದು ನಿಮಿಷದ ಮರ್ಯಾದೆ. ಸವೆದ ಬ್ರೇಕ್ ಹಾಗಲ್ಲ.

ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯ ಮಾಡುವವರೂ ಇದ್ದಾರೆ. ಝೀರೋ ಡೆಪ್, ಅಂದರೆ ಸಾಮಾನಿನ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಸೌಲಭ್ಯ, ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೆ ಕಂಪನಿ ಕೊಡುವುದು ಅರ್ಧ ಮಾತ್ರ. ಈ ಕಾರುಗಳ ಬಂಪರ್, ಗ್ರಿಲ್, ಕೆಳಗಿನ ಕವರ್ ಎಲ್ಲ ಪ್ಲಾಸ್ಟಿಕ್ಕೇ. ಪ್ರೀಮಿಯಂ ಉಳಿಸೋಕೆ ಝೀರೋ ಡೆಪ್ ಬಿಟ್ಟವರಿಗೆ ಕ್ಲೇಮ್ ಹೊತ್ತಿಗೆ ತಮ್ಮ ಪಾಲಿನ ಮೊತ್ತ ನೋಡಿ ಗಾಬರಿಯಾಗುತ್ತದೆ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಯಮಲೂರು ಕಡೆ ದುಬಾರಿ ಕಾರುಗಳು ನೀರಿನಲ್ಲಿ ಮುಳುಗಿ ನಿಂತಿದ್ದು ಎಲ್ಲರಿಗೂ ನೆನಪಿರಬಹುದು. ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಕೆಡಿಸಿಕೊಂಡರೆ ಸಾದಾ ಪಾಲಿಸಿ ಸಾಮಾನ್ಯವಾಗಿ ಕೊಡುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ತಗೊಂಡಿರಬೇಕು. ಬೆಂಗಳೂರಿನಲ್ಲಿ ಇರುವವರು ಇವೆರಡನ್ನೂ ಬಿಡಬಾರದು ಅಂತ ಎಲ್ಲರಿಗೂ ಹೇಳುತ್ತೇನೆ.

ಕಾರು ಕೊಳ್ಳುವ ಮೊದಲೇ ನನ್ನ ಹತ್ತಿರ ಲೆಕ್ಕ ಕೇಳೋಕೆ ಬರುವವರು ಈಗೀಗ ಜಾಸ್ತಿಯಾಗಿದ್ದಾರೆ. ಅವರ ಜೊತೆ ಒಂದು ಹಾಳೆ ಇಟ್ಟುಕೊಂಡು ಕೂರುತ್ತೇನೆ. ಶೋರೂಮ್ ಬೆಲೆ 60 ಲಕ್ಷದ ಪೆಟ್ರೋಲ್ ಕಾರು ಅಂದುಕೊಳ್ಳಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಲೈಫ್ ಟ್ಯಾಕ್ಸ್ 18%. ಅಂದರೆ 10.8 ಲಕ್ಷ, ಅದರ ಮೇಲೆ ಸೆಸ್ ಬೇರೆ. ಮಾರುವವರು ಮೊದಲೇ ಹಿಡಿಯುವ ಆದಾಯ ತೆರಿಗೆ, ಅಂದರೆ 1% ಟಿಸಿಎಸ್ 60,000, ಅದು ಐಟಿ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ, ಆದರೆ ಕೊಳ್ಳುವ ದಿನ ಕೈಯಿಂದ ಹೋಗುತ್ತದೆ. 50 ಲಕ್ಷ ಸಾಲಕ್ಕೆ 9% ಬಡ್ಡಿ, ಏಳು ವರ್ಷ ಅಂದರೆ ಇಎಂಐ ಸುಮಾರು 80,400. ಏಳು ವರ್ಷದಲ್ಲಿ ಬಡ್ಡಿಯೇ ಹದಿನೇಳೂವರೆ ಲಕ್ಷ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಸ್ಕೀಮ್‌ಗಳಲ್ಲಿ ಅದೇ 80 ಸಾವಿರದ ಇಎಂಐಗೆ ಐದೇ ವರ್ಷ ಅನ್ನುತ್ತಾರೆ. ಕೇಳೋಕೆ ಚೆನ್ನಾಗಿರುತ್ತದೆ. ಸಾಲದ 35%, ಅಂದರೆ 17.5 ಲಕ್ಷವನ್ನು ಕೊನೆಗೆ ಒಟ್ಟಿಗೆ ಕಟ್ಟೋಕೆ ಉಳಿಸಿರುತ್ತಾರೆ. ಬಲೂನ್ ಅನ್ನುತ್ತಾರೆ ಅದಕ್ಕೆ. ಕಾರನ್ನೇ ವಾಪಸ್ ಕೊಟ್ಟು ಇನ್ನೊಂದು ತಗೊಳ್ಳುವವರಿಗೆ ಅದು ಸರಿಹೋಗಬಹುದು. ಕಾರು ಇಟ್ಟುಕೊಳ್ಳಬೇಕು ಅನ್ನುವವರು ಆ ದಿನಕ್ಕೆ ದುಡ್ಡು ಎಲ್ಲಿಂದ ಅಂತ ಇವತ್ತೇ ಬರೆದಿಡಬೇಕು.

ಇಎಂಐ ಪಕ್ಕದಲ್ಲಿ ಇನ್ನೊಂದು ಸಾಲು ಬರೆಸುತ್ತೇನೆ. ಇನ್ಶೂರೆನ್ಸ್, ಸರ್ವೀಸ್, ಟೈರ್, ಬ್ಯಾಟರಿ, ಪೆಟ್ರೋಲ್ ಎಲ್ಲ ಸೇರಿಸಿ ವರ್ಷದ ಖರ್ಚನ್ನು 12ರಿಂದ ಭಾಗಿಸಿ. ಇಎಂಐ ಮತ್ತು ಇದು ಎರಡನ್ನೂ ಕೂಡಿಸಿ ಆರು ತಿಂಗಳು ಬೇರೆ ಖಾತೆಗೆ ಹಾಕಿ, ಕಾರು ಇನ್ನೂ ತಗೊಳ್ಳಬೇಡಿ. ಮನೆ ಬಾಡಿಗೆ, ಸ್ಕೂಲ್ ಫೀಸು, ಊರಿಗೆ ಕಳಿಸುವ ದುಡ್ಡು ಯಾವುದಕ್ಕೂ ತೊಂದರೆ ಆಗದೆ ಆರು ತಿಂಗಳು ಹಾಕೋಕೆ ಆದರೆ ಧೈರ್ಯವಾಗಿ ತಗೊಳ್ಳಿ. ನಾನು ನನ್ನ ಕಾರು ಕೊಂಡಿದ್ದು ಹೀಗೇ. ಮೂರನೇ ತಿಂಗಳಲ್ಲೇ ನನ್ನ ಮನಸ್ಸಿನಲ್ಲಿದ್ದ ಗಾಡಿ ನನಗೆ ಭಾರ ಅಂತ ಗೊತ್ತಾಯಿತು, ಸಣ್ಣದು ತಗೊಂಡೆ. ಆರಾಮಾಗಿದ್ದೇನೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಇದು ಇನ್ನೂ ಮುಖ್ಯ. 60 ಲಕ್ಷದ ಗಾಡಿ ಏಳೆಂಟು ವರ್ಷಕ್ಕೆ ಹದಿನೈದು-ಇಪ್ಪತ್ತು ಲಕ್ಷಕ್ಕೆ ಸಿಗಬಹುದು. ಇನ್ನೋವಾ ಬೆಲೆಗೆ ಬೆಂಜ್ ಸಿಗ್ತಿದೆ ಅಂತ ಖುಷಿ ಪಡುತ್ತಾರೆ. ಗಾಡಿಯ ಬೆಲೆ ಇಳಿದಿದೆ, ಅದರ ಸಾಮಾನಿನ ಬೆಲೆ ಇಳಿದಿಲ್ಲ. ಏರ್ ಸಸ್ಪೆನ್ಷನ್, ಗೇರ್‌ಬಾಕ್ಸಿನ ಕೆಲಸ, ಟರ್ಬೊ ಇವೆಲ್ಲ 60 ಲಕ್ಷದ ಕಾರಿನ ರೇಟಿನಲ್ಲೇ ಬರುತ್ತವೆ. ಅದೂ ಕೆಡುವ ವಯಸ್ಸಿನಲ್ಲೇ ಗಾಡಿ ನಿಮ್ಮ ಕೈಗೆ ಬಂದಿರುತ್ತದೆ. ಅಡ್ವಾನ್ಸ್ ಕೊಡುವ ಮೊದಲು ಲಿಫ್ಟ್ ಮೇಲೆ ಹತ್ತಿಸಿ ನೋಡಿಸಿ, ಸರ್ವೀಸ್ ಹಿಸ್ಟರಿ ಕೇಳಿ. ಮಾರುವವರು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಕೌಂಟರಿನಲ್ಲಿ ನಾನು ಮಾಡಿಕೊಂಡ ಕೆಲವು ಅಭ್ಯಾಸಗಳಿವೆ. ಹಿಂದಿನ ದಿನವೇ ಫೋನ್ ಮಾಡಿ ಪೂರ್ತಿ ಮೊತ್ತ ಹೇಳುತ್ತೇನೆ, ಹೇಗೆ ಕಟ್ಟುತ್ತೀರಿ ಅಂತ ಕೇಳುತ್ತೇನೆ. ಯುಪಿಐ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷ ಅಂತ ನೆನಪಿಸುತ್ತೇನೆ. ನಗದು ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಾವು ತಗೊಳ್ಳುವ ಹಾಗಿಲ್ಲ, ಆದಾಯ ತೆರಿಗೆ ಕಾಯ್ದೆಯಲ್ಲಿ ತಗೊಂಡವರಿಗೇ ಅಷ್ಟೇ ಮೊತ್ತದ ದಂಡ. ಕಾರ್ಡ್ ಫೇಲ್ ಆದರೆ ಮಷಿನ್ನನ್ನು ಗಿರಾಕಿಯ ಕಡೆ ತಿರುಗಿಸುತ್ತೇನೆ, ಡಿಕ್ಲೈನ್ ಅನ್ನೋ ಪದ ಜೋರಾಗಿ ಹೇಳುವುದಿಲ್ಲ. ತಕ್ಷಣ ಎರಡನೇ ಸಲ ಸ್ವೈಪ್ ಮಾಡುವುದಿಲ್ಲ, ಮೊದಲು ಮೆಸೇಜ್ ಬಂದಿದೆಯಾ ನೋಡಿಸುತ್ತೇನೆ. ಮಷಿನ್ ಫೇಲ್ ಅಂದರೂ ಖಾತೆಯಿಂದ ಹಣ ಹೋಗಿರುವುದುಂಟು. ಹಾಗೆ ಹೋದ ಹಣವನ್ನು ಬ್ಯಾಂಕ್ 5 ದಿನದೊಳಗೆ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕಿನ 2019ರ ಆದೇಶವಿದೆ. ಇದನ್ನು ಹೇಳಿದರೆ ಅರ್ಧ ಗಾಬರಿ ಇಳಿಯುತ್ತದೆ.

ನಿಜವಾಗಿಯೂ ದುಡ್ಡಿಲ್ಲದವರ ಜೊತೆ ಒಳಗೆ ಕೂತು ಮಾತಾಡುತ್ತೇನೆ. ಪಟ್ಟಿಯನ್ನು ಮೂರು ಭಾಗ ಮಾಡುತ್ತೇವೆ. ಬ್ರೇಕ್, ಟೈರ್, ಸ್ಟೀರಿಂಗ್ ಇವತ್ತು ಆಗಲೇಬೇಕು. ಸಣ್ಣ ಪ್ರಮಾಣದ ಆಯಿಲ್, ಕೂಲಂಟ್ ಲೀಕ್ ಮುಂದಿನ ತಿಂಗಳವರೆಗೆ ಕಾಯಬಹುದು, ಆದರೆ ಹದಿನೈದು ದಿನಕ್ಕೊಮ್ಮೆ ತಂದು ತೋರಿಸಬೇಕು. ಗೀರು, ಪೇಂಟು, ಸೀಟಿನ ಲೆದರ್ ಯಾವಾಗಾದರೂ ಆಗಲಿ. ಬ್ರೇಕ್ ಕೆಲಸವೂ ಬೇಡ ಅಂದರೆ ಜಾಬ್ ಕಾರ್ಡಿನಲ್ಲಿ ಕನ್ನಡದಲ್ಲೇ ದೊಡ್ಡದಾಗಿ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. ಪೆನ್ನು ಕೈಗೆ ತಗೊಂಡ ಮೇಲೆ ಅದನ್ನು ಓದಿ, "ಸರಿ, ಮುಂದಿನ ಎರಡು ಚಕ್ರದ ಬ್ರೇಕಾದರೂ ಹಾಕ್ಬಿಡಿ" ಅಂದವರು ಬೇಕಾದಷ್ಟು ಜನ ಇದ್ದಾರೆ.