ಸಣ್ಣ ಗುಂಡಿನ ರೈಫಲ್: ಆರಿಸುವುದು ಹೇಗೆ, ತೋಟಾ ತುಂಬುವುದು ಹೇಗೆ?

ಪೆನ್ಸಿಲ್ವೇನಿಯಾ, ಒಹಾಯೊ ಕಡೆ ಹೊಲ ಇಟ್ಟುಕೊಂಡವರ ಮುಂದೆ ವುಡ್‌ಚಕ್ ಹೆಸರು ಎತ್ತಿ ನೋಡಿ, ಮುಖ ಸಿಂಡರಿಸುತ್ತಾರೆ. ನಾಲ್ಕೈದು ಕಿಲೋ ತೂಗುವ ಈ ಪ್ರಾಣಿ ಕೊಟ್ಟಿಗೆಯ ತಳಪಾಯದ ಕೆಳಗೇ ಬಿಲ ತೋಡುತ್ತದೆ. ಸೋಯಾ ಸಸಿಯನ್ನು ಸಾಲುಸಾಲಾಗಿ ಬೋಳಿಸುತ್ತದೆ. ಪಶ್ಚಿಮಕ್ಕೆ ಹೋದರೆ ಸೌತ್ ಡಕೋಟಾ, ವಯೋಮಿಂಗ್‌ನ ಬಯಲುಗಳಲ್ಲಿ ಪ್ರೇರಿ ಡಾಗ್ ಕಾಟ. ಹೆಸರಲ್ಲಿ ಡಾಗ್ ಇದ್ದರೂ ಇದು ಬಿಲದಲ್ಲಿರುವ, ಅಳಿಲಿನ ಜಾತಿಯ ಪ್ರಾಣಿ. ಕೋಳಿ, ಕುರಿಮರಿ ಸಾಕಿದವರಿಗೆ ನರಿಯಂಥ ಕಯೋಟಿಯ ಕಾಟ. ಇಂಥ ಉಪದ್ರವದ ಪ್ರಾಣಿಗಳಿಗೆ ಅಮೆರಿಕದಲ್ಲಿ ವಾರ್ಮಿಂಟ್ ಅನ್ನುತ್ತಾರೆ. ಇವಕ್ಕೆಂದೇ ಸಣ್ಣ ಗುಂಡು, ವಿಪರೀತ ವೇಗದ ರೈಫಲ್‌ಗಳು ತಯಾರಾಗುತ್ತವೆ. ಅಂಥ ರೈಫಲ್ ಆರಿಸುವುದು, ಹೊಡೆದ ಖಾಲಿ ತೋಟಾಕ್ಕೆ ಹೊಸ ಮದ್ದು, ಗುಂಡು ಹಾಕಿ ಮತ್ತೆ ತುಂಬುವುದು ಹೇಗೆ ಎಂಬುದೇ ಈ ಲೇಖನ.

ಅಲ್ಲಿ ನೆಲೆ ನಿಂತು, ಊರಾಚೆ ಐದೋ ಹತ್ತೋ ಎಕರೆ ಕೊಂಡ ನಮ್ಮವರೂ ಈಗ ಇದ್ದಾರೆ. ಅವರಲ್ಲಿ ಮಲೆನಾಡು, ಕೊಡಗಿನವರಾದರೆ ಕೋವಿ ಹೊಸತೇನಲ್ಲ. ಕೇಪಿನ ಕೋವಿಗೆ ಮದ್ದು ಜಡಿದು ಹಂದಿ ಕಾದ ಅಜ್ಜಂದಿರ ಮೊಮ್ಮಕ್ಕಳು. ಆದರೆ ಆ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಆ ಕರಿಮದ್ದನ್ನು ಅಂದಾಜಿನ ಮೇಲೆ ಅಳೆದೂ ಬಚಾವಾದವರಿದ್ದಾರೆ. ಈಗಿನ ತೋಟಾಗಳ ಹೊಗೆರಹಿತ ಮದ್ದಿನ ಹತ್ತಿರ ಅಂದಾಜು ನಡೆಯುವುದಿಲ್ಲ. ಅದರಲ್ಲೂ ತೋಟಾ ಸಣ್ಣದಾದಷ್ಟೂ ತಪ್ಪಿಗೆ ಜಾಗ ಕಡಿಮೆ.

ಮೊದಲು ಕಾಗದಪತ್ರ

ಎಚ್‌-1ಬಿ, ಎಫ್‌-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವಂತಿಲ್ಲ, ತೋಟಾ ಕೂಡ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಅಮೆರಿಕದ ಫೆಡರಲ್ ಕಾನೂನು. ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ. ಸುಮ್ನೆ ಗೆಳೆಯರ ಮಾತು ನಂಬಬೇಡಿ, ವಕೀಲರ ಹತ್ತಿರ ಒಮ್ಮೆ ಕೇಳಿ. ವೀಸಾ ವಿಷಯ ಅಲ್ವಾ, ಒಂದು ಸಲ ಎಡವಿದರೆ ಸರಿಮಾಡುವುದು ಕಷ್ಟ.

ಪ್ರಾಣಿಗಳ ವಿಷಯದಲ್ಲೂ ರಾಜ್ಯಕ್ಕೊಂದು ನಿಯಮ. ಪ್ರೇರಿ ಡಾಗ್ ಎಂದ ತಕ್ಷಣ ಎಲ್ಲವನ್ನೂ ಹೊಡೆಯಬಹುದು ಅಂತಲ್ಲ. ಯೂಟಾದ ಪ್ರೇರಿ ಡಾಗ್‌ಗೆ ಫೆಡರಲ್ ಕಾನೂನಿನ ರಕ್ಷಣೆ ಇದೆ. ಪ್ರೇರಿ ಡಾಗ್‌ಗಳನ್ನೇ ತಿಂದು ಬದುಕುವ ಕರಿಗಾಲಿನ ಫೆರೆಟ್ (ಮುಂಗುಸಿಯಂಥ ಪ್ರಾಣಿ) ನಿರ್ನಾಮವಾಯಿತು ಎಂದುಕೊಂಡಿದ್ದಾಗ 1981ರಲ್ಲಿ ವಯೋಮಿಂಗ್‌ನ ಮೀಟಿಟ್ಸಿ ಬಳಿ ಮತ್ತೆ ಕಂಡಿತು. ಅದನ್ನು ಬಿಟ್ಟು ಬೆಳೆಸುತ್ತಿರುವ ಜಾಗಗಳಲ್ಲಿ ಬೇರೆಯದೇ ಕಟ್ಟುಪಾಡು ಇರಬಹುದು. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈ 1ರಿಂದ ಯಾವುದೇ ಕಾಡುಪ್ರಾಣಿಗೆ ಸೀಸದ ಗುಂಡು ಹಾರಿಸುವಂತಿಲ್ಲ. ಗುಂಡು ಆರಿಸುವಾಗ ಈ ವಿಷಯ ಮತ್ತೆ ಬರುತ್ತದೆ.

ತೋಟಾ ಯಾವುದು?

ರೈಫಲ್ ಕಂಪನಿ ಆಮೇಲೆ. ಮೊದಲು ಯಾವ ತೋಟಾ ಎಂದು ನಿಶ್ಚಯ ಮಾಡಿ. ಅದಕ್ಕೂ ಮೊದಲು ನಿಮ್ಮ ಜಮೀನಿನಲ್ಲಿ ನಿಂತು ಸುತ್ತ ನೋಡಿ. ಎಷ್ಟು ದೂರದ ಈಡು? ಹಿಂದೆ ಗುಂಡು ತಡೆಯುವ ದಿಬ್ಬ ಇದೆಯಾ? ಪಕ್ಕದ ಮನೆ ಎಷ್ಟು ಹತ್ತಿರ?

ಮನೆಗಳು ಹತ್ತಿರ ಇದ್ದು, ನೂರು-ನೂರೈವತ್ತು ಗಜದೊಳಗಿನ ಕೆಲಸವಾದರೆ .17 ಎಚ್‌ಎಂಆರ್ ಸಾಕು. ತೋಟಾದ ಹೆಸರಿನ ಮೊದಲ ಅಂಕಿ ಗುಂಡಿನ ದಪ್ಪ, ಇಂಚಿನಲ್ಲಿ, ಹೆಚ್ಚುಕಡಿಮೆ. 2002ರಲ್ಲಿ ಹಾರ್ನಡಿ ಕಂಪನಿ ತಂದ ಪುಟ್ಟ ತೋಟಾ ಇದು. ಸದ್ದು ಕಡಿಮೆ, ಒದೆತ ಇಲ್ಲವೇ ಇಲ್ಲ. ಆದರೆ ಇದು ರಿಮ್‌ಫೈರ್. ಸಿಡಿಮದ್ದು ಬುಡದ ಅಂಚಿನಲ್ಲೇ ಇರುತ್ತದೆ, ಒಮ್ಮೆ ಹೊಡೆದ ಮೇಲೆ ಬಿಸಾಡುವುದೇ. ಮತ್ತೆ ತುಂಬಬೇಕೆಂಬ ಆಸೆ ಇದ್ದವರು ಬುಡದ ನಡುವೆ ಕೇಪು (ಮದ್ದಿಗೆ ಕಿಡಿ ಕೊಡುವ ಪ್ರೈಮರ್) ಕೂರುವ ಸೆಂಟರ್‌ಫೈರ್ ತೋಟಾಗಳ ಕಡೆಗೆ ಬರಬೇಕು.

ಅಲ್ಲಿ ಹಿರಿಯಜ್ಜ .22 ಹಾರ್ನೆಟ್. 1930ರ ದಶಕದ ಆರಂಭದ್ದು. ಮೆತ್ತಗಿನ ಸದ್ದು, ನೂರೈವತ್ತು ಗಜದ ಆಸುಪಾಸಿಗೆ ಚೆಂದ. ಅದರ ಇನ್ನೊಂದು ತುದಿಯಲ್ಲಿ .220 ಸ್ವಿಫ್ಟ್. 1935ರಲ್ಲಿ ವಿಂಚೆಸ್ಟರ್ ಇದನ್ನು ಬಿಟ್ಟಾಗ ಸೆಕೆಂಡಿಗೆ 4,000 ಅಡಿ ದಾಟುವ ವೇಗ ಕಂಡು ಜನ ಬೆರಗಾಗಿದ್ದರು. ನಳಿಗೆ ಬೇಗ ಸವೆಯುತ್ತದೆ ಎಂಬ ಅಪಕೀರ್ತಿಯೂ ಅದಕ್ಕೆ ಅಂಟಿತು. ಇವೆರಡರ ನಡುವೆ 1964ರಿಂದ ಪೇಟೆಯಲ್ಲಿರುವ .223 ರೆಮಿಂಗ್ಟನ್, 1965ರಲ್ಲಿ ರೆಮಿಂಗ್ಟನ್ ಅಧಿಕೃತಗೊಳಿಸಿದ .22-250, ರೂಗರ್ ಮತ್ತು ಹಾರ್ನಡಿ ಸೇರಿ 2004ರಲ್ಲಿ ತಂದ .204 ರೂಗರ್ ಬರುತ್ತವೆ.

ನನ್ನನ್ನು ಕೇಳಿದರೆ ಮೊದಲ ಕೋವಿಗೆ .223 ಸಾಕು. 250-300 ಗಜದವರೆಗೆ ಆರಾಮ. ಖಾಲಿ ತೋಟಾ ಎಲ್ಲೆಂದರಲ್ಲಿ ಸಿಗುತ್ತದೆ. ನಳಿಗೆಯೂ ಬಾಳುತ್ತದೆ. ಡಕೋಟಾದ ಗಾಳಿಯಲ್ಲಿ 400 ಗಜ ದಾಟಿಸಬೇಕು ಎನ್ನುವವರಿಗೆ .22-250. ಗುಂಡು ತಾಗಿದ್ದನ್ನು ದುರ್ಬೀನಿನಲ್ಲಿ ತಾವೇ ಕಾಣಬೇಕು, ಒದೆತಕ್ಕೆ ನೋಟ ಕದಲಬಾರದು ಎನ್ನುವವರಿಗೆ .204 ಬಹಳ ಇಷ್ಟವಾಗುತ್ತದೆ.

ಒಂದು ಎಚ್ಚರಿಕೆ. ಸೇನೆಯ 5.56 ತೋಟಾ ನೋಡಲು .223 ಥರವೇ ಇರುತ್ತದೆ. ನಳಿಗೆಯ ಮೇಲೆ .223 ಎಂದು ಮಾತ್ರ ಕೊರೆದಿದ್ದರೆ ಅದನ್ನು ಹಾಕಬೇಡಿ. ಒತ್ತಡ ಏರುವ ಸಂಭವ ಇದೆ.

ನಳಿಗೆಯ ತಿರುವು

ಅಂಗಡಿಯವರು ದುರ್ಬೀನು, ಹಿಡಿಕೆಯ ಬಣ್ಣ ಎಲ್ಲ ತೋರಿಸುತ್ತಾರೆ. ನೀವು ಕೇಳಬೇಕಾದ್ದು ನಳಿಗೆಯ ಒಳಗಿನ ತಿರುವು ಎಷ್ಟು ಎಂದು. 1:12 ಎಂದರೆ 12 ಇಂಚು ಸಾಗುವಷ್ಟರಲ್ಲಿ ಗುಂಡು ಒಂದು ಸುತ್ತು ತಿರುಗುತ್ತದೆ. ಗುಂಡು ಉದ್ದವಾದಷ್ಟೂ ಅದು ನೆಟ್ಟಗೆ ಹೋಗಲು ಹೆಚ್ಚು ತಿರುವು ಬೇಕು. .223ರಲ್ಲಿ 40ರಿಂದ 55 ಗ್ರೇನ್ (ತೂಕದ ಅಳತೆ, ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ) ಗುಂಡಿಗೆ 1:12 ಸಾಕು. 1:9 ಇದ್ದರೆ 69 ಗ್ರೇನ್‌ವರೆಗೆ ಸಾಮಾನ್ಯವಾಗಿ ಹೋಗಬಹುದು. 1:7 ಇನ್ನೂ ಉದ್ದದ ಗುರಿಪಂದ್ಯದ ಗುಂಡುಗಳಿಗೆ. ಹಳೆಯ .22-250ಗಳಲ್ಲಿ 1:14 ಇರುತ್ತದೆ. ಅವು 55 ಗ್ರೇನ್ ದಾಟಿದರೆ ತಕರಾರು ಶುರು ಮಾಡುತ್ತವೆ.

ಹಾಗಾದರೆ ತಿರುವು ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ಅಲ್ಲ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 3,200 ಅಡಿ ವೇಗದಲ್ಲಿ 1:12 ನಳಿಗೆಯಿಂದ ಹೊರಟ ಗುಂಡು ನಿಮಿಷಕ್ಕೆ 1,92,000 ಸುತ್ತು ತಿರುಗುತ್ತದೆ. 1:7ರಲ್ಲಿ ಅದು 3,29,000 ಸುತ್ತು ದಾಟುತ್ತದೆ. ವಾರ್ಮಿಂಟ್ ಗುಂಡುಗಳ ಮೇಲಿನ ತಾಮ್ರದ ಕವಚ ಬೇಕೆಂತಲೇ ತೆಳ್ಳಗಿರುತ್ತದೆ. ಅತಿ ತೆಳುವಿನವು ಇಷ್ಟು ಸುತ್ತಿಗೆ ತಡೆಯದೆ ಗುರಿ ಮುಟ್ಟುವ ಮೊದಲೇ ಗಾಳಿಯಲ್ಲಿ ಚೂರಾಗುವುದುಂಟು. ಕಾಗದದ ಮೇಲೆ ತೂತೇ ಕಾಣದಿದ್ದಾಗ ದುರ್ಬೀನನ್ನು ಬೈಯುವ ಮುನ್ನ ಇದನ್ನೂ ಯೋಚಿಸಿ.

ಕವಚ ತೆಳ್ಳಗಿರುವುದಕ್ಕೆ ಕಾರಣ ಇದೆ. ತಾಗಿದ ಕೂಡಲೇ ಗುಂಡು ಒಡೆದುಹೋಗಬೇಕು. ಪ್ರಾಣಿ ನರಳಬಾರದು, ಗುಂಡು ನೆಲಕ್ಕೆ ಬಡಿದು ಚಿಮ್ಮಿ ಇನ್ನೊಬ್ಬರ ಹೊಲಕ್ಕೆ ಹೋಗಬಾರದು. ಹಾರ್ನಡಿಯ ವಿ-ಮ್ಯಾಕ್ಸ್, ಸಿಯೆರಾದ ಬ್ಲಿಟ್ಜ್‌ಕಿಂಗ್ ಈ ಜಾತಿಯವು. ಕ್ಯಾಲಿಫೋರ್ನಿಯಾದವರಿಗೆ ಸೀಸವಿಲ್ಲದ ಗುಂಡೇ ಗತಿ. ಬಾರ್ನ್ಸ್ ಕಂಪನಿಯ ವಾರ್ಮಿಂಟ್ ಗ್ರೆನೇಡ್‌ನ ಒಳಗೆ ತಾಮ್ರ-ತವರದ ಪುಡಿ ಇರುತ್ತದೆ. ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಉದ್ದವಾದರೆ ಮತ್ತೆ ತಿರುವಿನ ಪ್ರಶ್ನೆ.

ನಳಿಗೆ ದಪ್ಪ ಇರಬೇಕಾ, ತೆಳ್ಳಗಾ? ಒಂದೇ ಕಡೆ ಕೂತು ಹೊಡೆಯುವವರಿಗೆ ದಪ್ಪ, ಬೇಗ ಕಾಯುವುದಿಲ್ಲ. ಕಯೋಟಿ ಹಿಂದೆ ಗುಡ್ಡ ಹತ್ತುವವರಿಗೆ ತೆಳ್ಳಗಿನದು. ಅಷ್ಟೇ.

ತುಂಬುವ ಮೊದಲು

ಹಣ ಉಳಿಯುತ್ತದೆ ಎಂದು ಈ ಕೆಲಸಕ್ಕೆ ಇಳಿಯುವವರೇ ಹೆಚ್ಚು. ಮಾಮೂಲಿ .223ರಲ್ಲಿ ಉಳಿತಾಯ ಅಷ್ಟಕ್ಕಷ್ಟೆ. ಹಾರ್ನೆಟ್, .204, .22-250 ತೋಟಾಗಳು ಅಂಗಡಿಯಲ್ಲಿ ದುಬಾರಿ, ಅಲ್ಲಿ ಉಳಿಯುತ್ತದೆ. ನಿಜವಾದ ಲಾಭ ನಿಮ್ಮ ನಳಿಗೆಗೆ ಒಗ್ಗುವ ತೋಟಾವನ್ನು ನೀವೇ ಹುಡುಕಿಕೊಳ್ಳುವುದು.

ಬೇಕಾದ ಸಾಮಾನು: ಒಂದೊಂದೇ ತೋಟಾ ಒತ್ತುವ ಸಿಂಗಲ್ ಸ್ಟೇಜ್ ಪ್ರೆಸ್, ನಿಮ್ಮ ತೋಟಾದ ಅಳತೆಯ ಡೈ (ಒತ್ತಿ ಆಕಾರ ಕೊಡುವ ಅಚ್ಚು) ಜೋಡಿ, ತೋಟಾದ ಬುಡ ಹಿಡಿಯುವ ಶೆಲ್ ಹೋಲ್ಡರ್, ಕೇಪು ಕೂರಿಸುವ ಕೈ ಸಾಧನ, ತಕ್ಕಡಿ, ಉದ್ದ ಅಳೆಯುವ ಕ್ಯಾಲಿಪರ್, ಉದ್ದ ಕತ್ತರಿಸುವ ಟ್ರಿಮ್ಮರ್, ತೋಟಾಕ್ಕೆ ಸವರುವ ಎಣ್ಣೆ, ತಪ್ಪಾದ ತೋಟಾ ಬಿಚ್ಚಲು ಸುತ್ತಿಗೆಯಂಥ ಪುಲ್ಲರ್. ಇವೆಲ್ಲಕ್ಕಿಂತ ಮೊದಲು ಗುಂಡು ಅಥವಾ ಮದ್ದಿನ ಕಂಪನಿ ಅಚ್ಚುಹಾಕಿದ ಕೈಪಿಡಿ. ಮದ್ದಿನ ಅಳತೆ ಆ ಕೈಪಿಡಿಯಿಂದಲೇ ಬರಬೇಕು. ಪರಿಚಯದವರು ಬಾಯಲ್ಲಿ ಹೇಳಿದ ಅಳತೆ ಬೇಡ. ಹಾಗಾಗಿ ಈ ಲೇಖನದಲ್ಲೂ ನಾನು ಅಳತೆ ಕೊಡುವುದಿಲ್ಲ.

ಕಣ್ಣು ಕಾಯುವ ಕನ್ನಡಕ ಹಾಕಿಕೊಳ್ಳಿ. ಫೋನು, ಟಿವಿ ದೂರ ಇಡಿ. ಅಡುಗೆಮನೆ ಮೇಜಂತೂ ಖಂಡಿತ ಬೇಡ. ಹಳೆ ತೋಟಾದ ಮಸಿಯಲ್ಲಿ ಸೀಸ ಇರುತ್ತದೆ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಹಂತ 1: ಖಾಲಿ ತೋಟಾ ಪರೀಕ್ಷೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಕುತ್ತಿಗೆಯಲ್ಲಿ ಸೀಳು ಇದ್ದರೆ ಬಿಸಾಡಿ. ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಒಳಗೆ ಹಿತ್ತಾಳೆ ತೆಳುವಾಗಿದೆ ಎಂದರ್ಥ. ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೋಡೆಯನ್ನು ಕೆರೆದು ನೋಡಿ. ಗೆರೆಯ ಜಾಗದಲ್ಲಿ ತುದಿ ಸಿಕ್ಕಿಕೊಂಡರೆ ಆ ತೋಟಾ ಮುಂದಿನ ಈಡಿಗೆ ಎರಡಾಗಬಹುದು, ಬೇಡ. ಬುಡದ ಮೇಲೆ ಎಲ್‌ಸಿ ಎಂಬ ಗುರುತಿದ್ದರೆ ಅದು ಮಿಸೌರಿಯ ಲೇಕ್ ಸಿಟಿ ಕಾರ್ಖಾನೆಯದು. ಸೇನೆಗೆ ಮಾಡಿದ್ದಾದರೆ ಕೇಪಿನ ಸುತ್ತ ಲೋಹ ಅದುಮಿರುತ್ತದೆ, ಅದನ್ನು ಕೆರೆದು ತೆಗೆಯದೆ ಹೊಸ ಕೇಪು ಕೂರುವುದಿಲ್ಲ.

ಹಂತ 2: ಅಳತೆಗೆ ತರುವುದು. ಹೊಡೆದ ತೋಟಾ ಉಬ್ಬಿರುತ್ತದೆ. ತೋಟಾದ ಹೊರಮೈಗೆ ಎಣ್ಣೆ ತೆಳ್ಳಗೆ ಸವರಿ ಡೈಯೊಳಗೆ ಒತ್ತಿದರೆ ಮೊದಲಿನ ಆಕಾರಕ್ಕೆ ಬರುತ್ತದೆ, ಹಳೆ ಕೇಪೂ ಉದುರುತ್ತದೆ. ಎಣ್ಣೆ ಕಡಿಮೆಯಾದರೆ ತೋಟಾ ಡೈಯಲ್ಲೇ ಕಚ್ಚಿಕೊಳ್ಳುತ್ತದೆ. ಜಾಸ್ತಿಯಾದರೆ ಭುಜದ (ತೋಟಾ ಕುತ್ತಿಗೆಗೆ ಕಿರಿದಾಗುವ ಇಳಿಜಾರು) ಹತ್ತಿರ ತಗ್ಗು ಬೀಳುತ್ತದೆ. ಭುಜವನ್ನು ವಿಪರೀತ ಹಿಂದಕ್ಕೆ ತಳ್ಳಬೇಡಿ, ಬೋಲ್ಟ್ ರೈಫಲ್‌ಗೆ (ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆದು ತೋಟಾ ಬದಲಿಸುವಂಥದ್ದು) ಒಂದು ಇಂಚಿನ ಸಾವಿರದಲ್ಲಿ ಎರಡು ಪಾಲು ಸಾಕು. ಮೇಲೆ ಹೇಳಿದ ಹೊಳೆಯುವ ಗೆರೆ ಹುಟ್ಟುವುದೇ ಈ ಅತಿ ತಳ್ಳಾಟದಿಂದ.

ಹಂತ 3: ಉದ್ದ. ಪ್ರತಿ ಈಡಿಗೂ ಹಿತ್ತಾಳೆ ಮುಂದಕ್ಕೆ ಹರಿಯುತ್ತದೆ. .223ರ ಗರಿಷ್ಠ ಉದ್ದ 1.760 ಇಂಚು, ಕತ್ತರಿಸುವ ಅಳತೆ 1.750. ಉದ್ದ ಮೀರಿದರೆ ತೋಟಾದ ಬಾಯಿ ಗುಂಡನ್ನು ಬಿಗಿಯಾಗಿ ಅಮುಕಿ ಒತ್ತಡ ಏರಿಸುತ್ತದೆ. ಕತ್ತರಿಸಿದ ಮೇಲೆ ಬಾಯಿಯ ಒಳಹೊರಗಿನ ಚೂಪು ತೆಗೆಯಿರಿ.

ಹಂತ 4: ಕೇಪು. .223, .204ಕ್ಕೆ ಸ್ಮಾಲ್ ರೈಫಲ್, .22-250ಗೆ ಲಾರ್ಜ್ ರೈಫಲ್ ಪ್ರೈಮರ್. ಕೂರಿಸಿದ ಮೇಲೆ ಬೆರಳು ಆಡಿಸಿ ನೋಡಿ, ಕೇಪು ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು. ಕೇಪುಗಳನ್ನು ಡಬ್ಬಿಗೆ ಸುರಿದು ಇಡಬೇಡಿ, ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ. ಕಂಪನಿಯ ಪೊಟ್ಟಣದಲ್ಲೇ ಇರಲಿ.

ಹಂತ 5: ಮದ್ದು. ಇಲ್ಲಿ ನಿಧಾನಿಸಿ. ಮದ್ದು ಅಳೆಯುವುದು ಗ್ರೇನ್ ಲೆಕ್ಕದಲ್ಲಿ. 7,000 ಗ್ರೇನ್ ಸೇರಿದರೆ ಒಂದು ಪೌಂಡ್. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ಮೂರು ಅಕ್ಕಿಕಾಳಿನ ತೂಕ. ಐವತ್ತು ಗ್ರೇನ್ ಹಿಡಿಯುವ ದೊಡ್ಡ ತೋಟಾದಲ್ಲಿ ಒಂದು ಗ್ರೇನ್ ಹೆಚ್ಚಾದರೆ ನೂರಕ್ಕೆ ಎರಡು ಪಾಲು ಹೆಚ್ಚು. ಹತ್ತು-ಹನ್ನೆರಡು ಗ್ರೇನ್‌ನ ಹಾರ್ನೆಟ್‌ನಲ್ಲಿ ಅದೇ ಒಂದು ಗ್ರೇನ್ ನೂರಕ್ಕೆ ಎಂಟು-ಹತ್ತು ಪಾಲು! .223ಕ್ಕೆ ಅಮೆರಿಕದ ಉದ್ಯಮ ಗೊತ್ತುಮಾಡಿದ ಮಿತಿ ಚದರ ಇಂಚಿಗೆ 55,000 ಪೌಂಡ್ ಒತ್ತಡ, .22-250ಗೆ 65,000. ಅದು ಸಿಡಿಯುವುದು ನಿಮ್ಮ ಕೆನ್ನೆಯ ಪಕ್ಕದಲ್ಲಿ.

ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು ಇರಲಿ. ಹೆಸರನ್ನು ಅಕ್ಷರ ಬಿಡದೆ ಓದಿ. ಐಎಂಆರ್ 4895 ಬೇರೆ, ಎಚ್ 4895 ಬೇರೆ. ಸಂಖ್ಯೆ ಒಂದೇ ಎಂದು ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಬಾರದು. ತಕ್ಕಡಿಯನ್ನು ಪರೀಕ್ಷೆಯ ತೂಕ ಇಟ್ಟು ಸರಿನೋಡಿ. ಫ್ಯಾನ್ ಆರಿಸಿ, ಗಾಳಿಗೆ ಮುಳ್ಳು ಅಲ್ಲಾಡುತ್ತದೆ. ಕೈಪಿಡಿಯಲ್ಲಿ ಆರಂಭದ ಅಳತೆ, ಗರಿಷ್ಠ ಅಳತೆ ಎರಡೂ ಇರುತ್ತವೆ. ಆರಂಭದ್ದರಿಂದಲೇ ಶುರು. ತುಂಬಿದ ತೋಟಾಗಳನ್ನು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಎಲ್ಲದರ ಬಾಯಿಗೂ ಟಾರ್ಚ್ ಬಿಟ್ಟು ನೋಡಿ. ಮದ್ದಿನ ಮಟ್ಟ ಒಂದರಲ್ಲಿ ಬೇರೆ ಕಂಡರೂ ಸುರಿದು ಮತ್ತೆ ತೂಗಿ. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಅತಿ ಬೆಲೆಬಾಳುವ ಉಪಕರಣ ಈ ಟಾರ್ಚೇ.

ಹಂತ 6: ಗುಂಡು. ಡೈಯನ್ನು ಕೈಪಿಡಿಯ ಉದ್ದಕ್ಕೆ ಹೊಂದಿಸಿ ಮೆಲ್ಲಗೆ ಒತ್ತಿ. .223ಕ್ಕೆ ಒಟ್ಟು ಉದ್ದದ ಮಿತಿ 2.260 ಇಂಚು. ಮುಗಿದ ತೋಟಾದ ಪೆಟ್ಟಿಗೆಯ ಮೇಲೆ ಮದ್ದು, ತೂಕ, ಗುಂಡು, ಕೇಪು, ತಾರೀಕು ಬರೆದು ಅಂಟಿಸಿ. ಚೀಟಿ ಇಲ್ಲದ ತೋಟಾ ಸಿಕ್ಕಿದರೆ ಹೊಡೆಯಬೇಡಿ, ಬಿಚ್ಚಿ.

ಗುರಿಹಲಗೆಯ ಮುಂದೆ

100 ಗಜದಲ್ಲಿ, ಮೇಜಿನ ಆಸರೆಯಲ್ಲಿ, ಒಂದೊಂದು ಅಳತೆಗೆ ಐದೈದು ಈಡು. ಮುಂದಿನ ಅಳತೆಗೆ ಏರಿಕೆ 0.2-0.3 ಗ್ರೇನ್ ಮಾತ್ರ. ಬೋಲ್ಟ್ ಎತ್ತಲು ಬಿಗಿಯಾದರೆ, ಕೇಪು ಚಪ್ಪಟೆಯಾಗಿ ಅಂಚು ಮಾಯವಾದರೆ, ಬುಡದ ಮೇಲೆ ಹೊಳೆಯುವ ಕಚ್ಚು ಬಿದ್ದರೆ ಅಲ್ಲಿಗೆ ನಿಲ್ಲಿಸಿ, ಕೈಪಿಡಿಯ ಗರಿಷ್ಠ ಇನ್ನೂ ಬಂದಿರದಿದ್ದರೂ ಸರಿ. ಉಳಿದ ತೋಟಾಗಳನ್ನು ಮನೆಗೆ ತಂದು ಬಿಚ್ಚಿ. ಹಾಗಂತ ಈ ಗುರುತು ಕಾಣದಿದ್ದರೆ ಗರಿಷ್ಠ ದಾಟಬಹುದು ಎಂದಲ್ಲ. ನಡುನಡುವೆ ನಳಿಗೆ ತಣ್ಣಗಾಗಲಿ. ಪ್ರೇರಿ ಡಾಗ್ ಬಯಲಿನಲ್ಲಿ ಹುರುಪಿಗೆ ಒಂದರ ಹಿಂದೊಂದು ಹೊಡೆದು .22-250ರ ನಳಿಗೆಯನ್ನು ಬೇಗ ಮುಗಿಸಿಕೊಳ್ಳುವವರು ಬೇಕಾದಷ್ಟು. ಸಾಮಾನ್ಯವಾಗಿ ಗುರಿಹಲಗೆಯ ಮೇಲೆ ತೂತುಗಳ ಅತಿ ಚಿಕ್ಕ ಗುಂಪು ಬೀಳುವುದು ಗರಿಷ್ಠಕ್ಕಿಂತ ಸ್ವಲ್ಪ ಕೆಳಗೇ. ಅಲ್ಲಿಗೆ ತೃಪ್ತಿಪಡಿ. ಐವತ್ತು ಅಡಿ ವೇಗ ಕಡಿಮೆಯಾದದ್ದು ವುಡ್‌ಚಕ್‌ಗೆ ಗೊತ್ತಾಗುವುದಿಲ್ಲ.

ಮುಗಿಸುವ ಮೊದಲು ಊರಿಗೆ ಬರುವವರಿಗೊಂದು ಮಾತು. ಭಾರತದಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ಇಟ್ಟುಕೊಳ್ಳುವುದೂ, ತಯಾರಿಸುವುದೂ ಅಪರಾಧ. ಗುರಿ ಅಭ್ಯಾಸಕ್ಕೆ ಒಯ್ದ ಬ್ಯಾಗಿನ ಮೂಲೆಯಲ್ಲಿ ಒಂದು ತೋಟಾ ಉಳಿದಿದ್ದರೂ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಸೀದಾ ಪೊಲೀಸ್ ಠಾಣೆಗೆ ಹೋಗಬೇಕಾದೀತು. ಖಾಲಿ ಹಿತ್ತಾಳೆ ಕಂಡರೂ ತಪಾಸಣೆಯವರು ಪ್ರಶ್ನೆ ಕೇಳುತ್ತಾರೆ. ಕೋವಿಯ ಕೆಲಸಕ್ಕೆ ಬಳಸಿದ ಬ್ಯಾಗು, ಜಾಕೆಟ್ ಎರಡನ್ನೂ ಅಮೆರಿಕದ ಮನೆಯಲ್ಲೇ ಬಿಟ್ಟು ಬನ್ನಿ.