ಸೆಮಿಸಬ್ ರಿಗ್ಗಿನಲ್ಲಿ ಬ್ಯಾಲಸ್ಟ್ ನೋಡಿಕೊಳ್ಳುವುದು: ನನ್ನ ಅನುಭವ

ಸೆಮಿಸಬ್‌ಮರ್ಸಿಬಲ್ ರಿಗ್ಗಿನ (ಅರೆ ಮುಳುಗಿ ತೇಲುತ್ತ ಸಮುದ್ರತಳದಲ್ಲಿ ತೈಲಬಾವಿ ಕೊರೆಯುವ ವೇದಿಕೆಯ) ಗುಣಕ್ಕೂ ದೋಷಕ್ಕೂ ಮೂಲ ಒಂದೇ. ಅದನ್ನು ತೇಲಿಸುವ ಟೊಳ್ಳು ಪೆಟ್ಟಿಗೆಗಳು, ಅಂದರೆ ಪಾಂಟೂನ್‌ಗಳು ಸುಮಾರು 20 ಮೀಟರ್ ಆಳದಲ್ಲಿರುತ್ತವೆ, ಅಲೆಗೆ ಸಿಗುವುದು ಕಂಬಗಳಷ್ಟೇ. ಹಾಗಾಗಿ ಒಮ್ಮೆ ಏರಿಳಿಯಲು ಅದಕ್ಕೆ 20 ಸೆಕೆಂಡಿಗಿಂತ ಹೆಚ್ಚು ಬೇಕು. ಸಾಮಾನ್ಯ ಅಲೆಗೆ 5ರಿಂದ 15 ಸೆಕೆಂಡು ಸಾಕು. ಎರಡರ ಲಯ ಕೂಡದ್ದರಿಂದಲೇ ಹಡಗು ಕುಣಿಯುವ ಸಮುದ್ರದಲ್ಲೂ ಇಲ್ಲಿ ಡ್ರಿಲ್ಲಿಂಗ್ ನಡೆಯುತ್ತದೆ. (ಚಂಡಮಾರುತದ ಉದ್ದನೆಯ ಅಲೆಗಳ ಮಾತು ಬೇರೆ.)

ಕಷ್ಟವೆಲ್ಲ ತೂಕದ್ದು. 12 ಮೀಟರ್ ಚೌಕದ ನಾಲ್ಕು ಕಂಬ ಅಂದರೆ ನೀರಿನ ಮಟ್ಟದಲ್ಲಿ ಒಟ್ಟು 576 ಚದರ ಮೀಟರ್ ಅಷ್ಟೇ. ಒಂದು ಸೆಂಟಿಮೀಟರ್ ಮುಳುಗಲು 6 ಟನ್ ಸಾಕು, 100 ಟನ್ ಪೈಪ್ ಬಂದರೆ 17 ಸೆಂ.ಮೀ. ಇಳಿಯುತ್ತದೆ. ಆ ಪೈಪನ್ನು ಡೆಕ್ ಮೇಲೆ 20 ಮೀಟರ್ ಪಕ್ಕಕ್ಕೆ ಸರಿಸಿದರೆ, 40,000 ಟನ್ ತೂಕದ, 2 ಮೀಟರ್ ಜಿಎಂ (ವಾಲಿದರೆ ಮತ್ತೆ ನೆಟ್ಟಗಾಗುವ ಸಾಮರ್ಥ್ಯದ ಅಳತೆ) ಇರುವ ರಿಗ್ ಸುಮಾರು ಒಂದೂವರೆ ಡಿಗ್ರಿ ವಾಲುತ್ತದೆ. ತೂಕ ಹೇಳದೆ ಕ್ರೇನ್ ಎತ್ತಲು ನಾನು ಬಿಡುವುದಿಲ್ಲ.

ರಿಗ್ಗನ್ನು ಸಮತೋಲದಲ್ಲಿಡಲು ಪಾಂಟೂನಿನ ಟ್ಯಾಂಕುಗಳಿಗೆ ತುಂಬುವ ನೀರೇ ಬ್ಯಾಲಸ್ಟ್. ಅರೆತುಂಬಿದ ಟ್ಯಾಂಕಿನ ನೀರು ವಾಲಿದ ಕಡೆಗೇ ಓಡಿ ಜಿಎಂ ತಿನ್ನುತ್ತದೆ. ಮೂಲೆಗೊಂದು ಬಿಟ್ಟು ಉಳಿದವು ಪೂರ್ತಿ ತುಂಬಿರಬೇಕು, ಇಲ್ಲ ಖಾಲಿಯಿರಬೇಕು. ತುಂಬುವುದಿರಲಿ, ಖಾಲಿ ಮಾಡುವುದಿರಲಿ, ಒಂದು ಸಲಕ್ಕೆ ಒಂದೇ ಟ್ಯಾಂಕ್. ಗೇಜ್ ಏನೇ ತೋರಿಸಲಿ, ನಾಲ್ಕೂ ಕಂಬದ ಡ್ರಾಫ್ಟ್ ಗುರುತು (ಎಷ್ಟು ಮುಳುಗಿದೆ ಎಂದು ತೋರಿಸುವ ಗೆರೆ) ಓದಿಸಿ ಲೆಕ್ಕಕ್ಕೆ ತಾಳೆ ಹಾಕುತ್ತೇನೆ. ತಾಳೆಯಾಗದಿದ್ದರೆ ಮಡ್ ಪಿಟ್ (ಡ್ರಿಲ್ಲಿಂಗ್ ಕೆಸರಿನ ತೊಟ್ಟಿ), ಚೈನ್ ಲಾಕರ್ (ಲಂಗರಿನ ಸರಪಳಿ ಇಡುವ ಕೋಣೆ) ಮೊದಲು ನೋಡಿ.

ಬಿರುಗಾಳಿಗೆ ಮುಂಚೆ ರಿಗ್ಗನ್ನು 4 ಮೀಟರ್ ಎತ್ತಬೇಕಾದರೆ ಹತ್ತಿರ ಹತ್ತಿರ 2,400 ಟನ್ ನೀರು ಹೊರಹೋಗಬೇಕು. ಗಂಟೆಗೆ 500 ಟನ್ನಿನಂತೆ ಐದು ಗಂಟೆಯ ಕೆಲಸ. ಗಾಳಿ ಬಂದ ಮೇಲೆ ಶುರು ಮಾಡಿದರೆ ಆಗದು.

ಕಾರಣ ತಿಳಿಯದೆ ವಾಲಿದರೆ ಎದುರು ಬದಿಗೆ ನೀರು ತುಂಬಬೇಡಿ. ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ, ಆಮೇಲೆ ಹುಡುಕಿ. ಜಿಎಂ ಕಳೆದುಕೊಂಡು ವಾಲಿದ್ದಾಗ ಹಾಗೆ ತುಂಬಿದರೆ ರಿಗ್ ದಿಢೀರನೆ ಆ ಎದುರು ಬದಿಗೇ ಮಗುಚಿಕೊಳ್ಳುತ್ತದೆ.

ವಾಲ್ವ್ ತೆರೆದರೆ ಪಾಂಟೂನಿಗೆ ನೀರು ತಾನಾಗಿ ನುಗ್ಗುತ್ತದೆ, ಹೊರಹಾಕಲು ಮಾತ್ರ ಪಂಪ್ ಬೇಕು. 1982ರ ಫೆಬ್ರುವರಿಯಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿ ಓಷನ್ ರೇಂಜರ್ ಎಂಬ ಸೆಮಿಸಬ್ ರಿಗ್ ಮುಳುಗಿ 84 ಜನರೂ ಸತ್ತದ್ದು ಹೀಗೆಯೇ. ಕಂಬದೊಳಗಿನ ಬ್ಯಾಲಸ್ಟ್ ಕೋಣೆಯ ಕಿಟಕಿಗಾಜು ಒಡೆದು ವಾಲ್ವ್ ನಿಯಂತ್ರಿಸುವ ಪ್ಯಾನಲ್ ನೆನೆಯಿತು, ವಾಲ್ವ್‌ಗಳು ತೆರೆದುಕೊಂಡವು. ಪಂಪ್‌ಗಳಿದ್ದದ್ದು ಹಿಂಭಾಗದಲ್ಲಿ. ಮುಂಭಾಗ ತಗ್ಗಿದ ಮೇಲೆ ಅಲ್ಲಿನ ನೀರನ್ನು ಹೀರುವುದು ಅವುಗಳ ಕೈಲಾಗಲಿಲ್ಲ. ಕಿಟಕಿಗೆ ಉಕ್ಕಿನ ಮುಚ್ಚಳವಿತ್ತು, ಹಾಕಿರಲಿಲ್ಲ. ಅದಕ್ಕೇ ಕರೆಂಟ್ ತೆಗೆದು ಕೈಯಿಂದಲೇ ವಾಲ್ವ್ ಮುಚ್ಚುವ ಅಭ್ಯಾಸವನ್ನು ಪ್ರತಿ ಶಿಫ್ಟಿನವರಿಗೂ ಮಾಡಿಸುತ್ತೇನೆ. ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ ಎಂದು ವಾಲ್ವ್ ಪಕ್ಕದಲ್ಲೇ ಬಣ್ಣದಲ್ಲಿ ಬರೆಸಿದ್ದೇನೆ.